ಮಂಚದ ಪಕ್ಕದ ಜೇಬು

ಅಪ್ಪ ಬಸ್ಸು ಓಡಿಸಿದ್ದು ಅರ್ಧ ಆಯಸ್ಸು, ಆ ಬಸ್ಸಿನ ಬಗ್ಗೆ ಸುಳ್ಳು ಓಡಿಸಿದ್ದು ಮಿಕ್ಕರ್ಧ. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟಾಗ ಬಾಗಿಲಿಂದ ಕಾಲು ಹೊರಗೆ ಚಾಚಿ ಬಸ್ಸು ನಿಲ್ಲಿಸಿದ್ದನಂತೆ. ಬಲಗಾಲು ಸವೆದು ಗಿಡ್ಡವಾಗಿದ್ದು ಅದರಿಂದಲೇ ಅಂತೆ. ನಿಜ ಹೇಳಬೇಕೆಂದರೆ ಅವನು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಎಬ್ಬಿಸಿ ಕೂರಿಸಲು ಇಬ್ಬರು ಬೇಕು. ಮನೆಯಲ್ಲಿದ್ದವಳು ಮಗಳೊಬ್ಬಳೇ, ಅವಳಿಗೂ ದಿನವೆಲ್ಲ ಹೊಲಿಗೆ ಅಂಗಡಿ. ಹಾಗಾಗಿ ವೃದ್ಧಾಶ್ರಮಕ್ಕೆ ಸೇರಿಸಿದಳು.

ಅಲ್ಲಿ ಪಕ್ಕದ ಮಂಚದಲ್ಲಿ ಒಬ್ಬರು ಲೆಕ್ಕದ ಮೇಷ್ಟ್ರು ಸಿಕ್ಕಿದರು. ಅಪ್ಪನ ಸುಳ್ಳಿಗೆ ಕತ್ತರಿ ಹಾಕುವುದೇ ಅವರ ಉದ್ಯೋಗ. ರೋಗ ಊರಿಗೆ ಕಾಲಿಟ್ಟು ಆಶ್ರಮದ ಗೇಟು ಮುಚ್ಚಿದ ಮೇಲೆ ಮಗಳಿಗೆ ಉಳಿದದ್ದು ಸಂಜೆಯ ಫೋನು ಮಾತ್ರ. ಅದರಲ್ಲಿ ಇಬ್ಬರ ದನಿಯೂ ಕೇಳುತ್ತಿತ್ತು.

"ಹೊಳೆ ದಾಟುವಾಗ ಬಸ್ಸೊಳಗೆ ಮೀನು ನುಗ್ಗಿಬಿಟ್ವು ಕಣೆ. ಕಂಡಕ್ಟರು ಬಿಡ್ತಾನಾ, ಇನ್ನೂರಕ್ಕೂ ಟಿಕೆಟ್ ಹರಿದ."

"ಅರ್ಧಕ್ಕೆ ಇಳಿಸ್ರೀ," ಹಿಂದಿನಿಂದ ಮೇಷ್ಟ್ರು.

"ಸರಿ, ನೂರು."

"ಮರಿಗಳಿಗೆ ಅರ್ಧ ಟಿಕೆಟ್ಟೋ?"

ಮಗಳಿಗೆ ಇದೇ ಥರ್ಮಾಮೀಟರು. ಅಪ್ಪನ ಸುಳ್ಳು ಎಷ್ಟು ದೊಡ್ಡದಿರುತ್ತದೋ ಅವಳಿಗೆ ಅಷ್ಟು ಒಳ್ಳೆಯ ನಿದ್ದೆ.

ಒಂದು ಸಂಜೆ ಅಪ್ಪ, "ಊಟ ಆಯ್ತು. ಮಲಗ್ತೀನಿ," ಎಂದ.

"ಮೇಷ್ಟ್ರೆಲ್ಲಿ?"

"ಇದ್ದಾರೆ."

ಹಿಂದಿನಿಂದ ಯಾರೂ ಏನೂ ಅನ್ನಲಿಲ್ಲ. ಮರುದಿನವೂ ಅವೇ ಎರಡು ಮಾತು. ಆಶ್ರಮದ ಆಫೀಸಿಗೆ ಫೋನು ಮಾಡಿದರೆ, "ಎಲ್ಲರೂ ಚೆನ್ನಾಗಿದ್ದಾರೆ," ಎಂದರು. ಅಪ್ಪನ ಬಾಯಲ್ಲಿ ಸುಳ್ಳಿಲ್ಲ, ಆಫೀಸಿನವರ ಬಾಯಲ್ಲಿ ಗಾಬರಿಯಿಲ್ಲ. ಎರಡೂ ಅವಳಿಗೆ ಸರಿಕಾಣಲಿಲ್ಲ. ಬೆಳಗಾಗುತ್ತಲೇ ಹೋಗಿ ಗೇಟು ತಟ್ಟಿದಳು.

ಮ್ಯಾನೇಜರಮ್ಮ ಗೇಟಿನಾಚೆಯೇ ನಿಂತರು. ಕಣ್ಣ ಸುತ್ತ ಕಪ್ಪು, ಮುಖಕ್ಕೆ ಒತ್ತಿಕೊಂಡ ಮಾಸ್ಕಿನ ಗೆರೆ.

"ಒಳಗೆ ಬಿಡೋಕಾಗಲ್ಲಮ್ಮ. ಕೆಲಸದವರೇ ಅರ್ಧಕ್ಕರ್ಧ ಹಾಸಿಗೆ ಹಿಡಿದಿದ್ದಾರೆ. ಒಂದು ಮಹಡಿಗೆ ಒಬ್ಬಳು ಆಯಾ."

"ಅಪ್ಪನ್ನ ಕರ್ಕೊಂಡು ಹೋಗ್ಲಾ?"

"ಹೋಗಿ. ಮನೇಲಿ ಎತ್ತೋಕೆ ಇನ್ನೊಬ್ಬರಿದ್ದಾರಾ?"

ಇರಲಿಲ್ಲ. ಈ ಕಾಲದಲ್ಲಿ ಬಾಡಿಗೆಗೂ ಯಾರೂ ಬರುತ್ತಿರಲಿಲ್ಲ.

"ಹಾಗಾದ್ರೆ ನನ್ನ ಕೆಲಸಕ್ಕೆ ತಗೊಳ್ಳಿ."

ಮ್ಯಾನೇಜರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಏನು ಬರುತ್ತೆ?"

"ಹೊಲಿಗೆ. ಗುಡಿಸೋದು, ಒರೆಸೋದು ಹೇಳಿಕೊಟ್ರೆ ಅದೂ ಬರುತ್ತೆ."

"ಬಂದ್ರೆ ರೋಗ ಇಳಿಯೋವರೆಗೂ ಒಳಗೇ ಇರ್ಬೇಕು. ನಿಮಗೂ ಅಂಟಿಕೊಂಡ್ರೆ?"

"ಅಂಟಿಕೊಂಡಾಗ ನೋಡೋಣ."

ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ರೋಗವಿಲ್ಲ ಎಂದು ಗೊತ್ತಾದ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ ತೊಡಿಸಿ ಒಳಗೆ ಬಿಟ್ಟರು.

ಅಪ್ಪನ ಕೋಣೆಯಲ್ಲಿ ನಾಲ್ಕು ಮಂಚ. ಆಚೆಯ ಎರಡರಲ್ಲಿ ಇದ್ದವರೂ ತಾವಾಗಿ ಏಳಲಾಗದವರು. ಮೇಷ್ಟ್ರ ಮಂಚದ ಮೇಲೆ ಹಾಸಿಗೆ ಇರಲಿಲ್ಲ, ಬರೀ ಕಬ್ಬಿಣದ ಪಟ್ಟಿಗಳು. ಅಪ್ಪನ ತುಟಿ ಬಿಸಿಲಿಗೆ ಬಿಟ್ಟ ತೊಗಲಿನಂತೆ ಒಡೆದಿತ್ತು. ನೀರಿನ ಬಾಟಲಿ ತುಂಬಿಯೇ ಇತ್ತು, ಆದರೆ ಇದ್ದದ್ದು ಗೋಡೆಯ ಪಕ್ಕದ ಮೇಜಿನ ಮೇಲೆ. ಆಯಾ ಬಾಟಲಿ ಇಟ್ಟು ಮುಂದಿನ ಕೋಣೆಗೆ ಓಡುತ್ತಿದ್ದಳು. ಕೈ ಎಟುಕುತ್ತದೋ ಇಲ್ಲವೋ ನೋಡಲು ಅವಳಿಗೆ ಪುರುಸೊತ್ತೆಲ್ಲಿ?

ಮಗಳು ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಬಾಟಲಿ ಇಳಿದ ಮೇಲೆ ಅಪ್ಪ ಕಣ್ಣು ಬಿಟ್ಟ.

"ಯಾರಮ್ಮ ನೀನು?"

"ನಾನಪ್ಪ."

"ಏನಿದು, ಮೂಟೆ ಕಟ್ಟಿಸ್ಕೊಂಡು ಬಂದಿದೀಯ?" ಎಂದವನು ನಗಲಿಲ್ಲ. ಬರಿದಾದ ಮಂಚದ ಕಡೆ ನೋಡಿದ. "ಮೇಷ್ಟ್ರಿಗೆ ಜ್ವರ ಬಂತು. ಮಧ್ಯಾಹ್ನವೆಲ್ಲ ನೀರು ಕೇಳಿದ್ರು. ನಾನು ಗಂಟೆ ಒತ್ತಿದೆ, ಒತ್ತಿದೆ. ಯಾರೂ ಬರ್ಲಿಲ್ಲ. ನನ್ನ ಕೋಲು ಚಾಚಿ ಬಾಟ್ಲಿ ಎಳೆಯೋಕೆ ಹೋದೆ. ಅದು ಉರುಳಿ ಅವರ ಮಂಚದಡಿ ಸೇರ್ಕೊಳ್ತು. ಅವರೇ ನನಗೆ ಸಮಾಧಾನ ಹೇಳಿದ್ರು, ಇರ್ಲಿ ಬಿಡ್ರೀ ಅಂತ. ಸಂಜೆ ಹೊತ್ತಿಗೆ ಮಾತು ನಿಂತೋಯ್ತು."

"ನನಗ್ಯಾಕೆ ಹೇಳ್ಲಿಲ್ಲಪ್ಪ?"

"ಹೇಳಿದ್ರೆ ನೀನು ಇಲ್ಲಿಗೆ ಬರ್ತಿದ್ದೆ."

ಹುಟ್ಟಿದಾಗಿನಿಂದ ಅಪ್ಪನ ಮಾತನ್ನು ಅರ್ಧಕ್ಕೆ ಇಳಿಸಿ ಕೇಳಿ ಅವಳಿಗೆ ರೂಢಿ. ಇದನ್ನೂ ಹಾಗೆ ಇಳಿಸಿ ನೋಡಿದಳು. ಅರ್ಧವಾದರೂ ಸುಳ್ಳಾಗಲಿ ಎಂದುಕೊಂಡಳು. ಬಗ್ಗಿ ನೋಡಿದರೆ ಮೇಷ್ಟ್ರ ಮಂಚದಡಿ, ಗೋಡೆಗೆ ಒರಗಿ, ಮುಚ್ಚಳ ತೆರೆಯದ ಬಾಟಲಿ ಬಿದ್ದಿತ್ತು.

ಅವಳು ಅದನ್ನು ಎತ್ತಿಕೊಂಡು ನೇರ ಮ್ಯಾನೇಜರಮ್ಮನ ಮೇಜಿನ ಮೇಲಿಟ್ಟಳು. ಎಲ್ಲಿ ಸಿಕ್ಕಿತೆಂದು ಹೇಳಿದಳು. ಬೈಯಬೇಕೆಂದೇ ಹೋಗಿದ್ದಳು. ಮ್ಯಾನೇಜರಮ್ಮ ಬಾಟಲಿಯ ತೆರೆಯದ ಮುಚ್ಚಳ ಮುಟ್ಟಿ ನೋಡಿದರು. "ಮೇಷ್ಟ್ರ ಮಗನಿಗೆ ಏನೂ ಕಷ್ಟಪಡದೆ ಹೋದ್ರು ಅಂತ ಹೇಳಿದೀನಿ," ಎಂದರು.

"ನಿಜ ಹೇಳಿ ಅವರಿಗೆ. ಆಮೇಲೆ ನನಗೊಂದಿಷ್ಟು ಹಳೇ ಹೊದಿಕೆ ಕೊಡಿ, ಗಟ್ಟಿ ಇರೋವು. ನನ್ನ ಕೈ ಮಷಿನ್ನು ತರಿಸ್ತೀನಿ."

ಪಕ್ಕದಂಗಡಿಯವನು ಮಷಿನ್ನನ್ನು ಗೇಟಿನ ಬಳಿ ಇಟ್ಟು ಹೋದ. ಬೆನ್ನು ಒರೆಸಿ, ಮಗ್ಗುಲು ಬದಲಿಸಿ, ಉಣಿಸಿ, ಉಳಿದ ಹೊತ್ತಿನಲ್ಲಿ ಅವಳು ಜೇಬು ಹೊಲಿದಳು. ಬಾಟಲಿ ಹಿಡಿಯುವಷ್ಟು ಆಳದ ಜೇಬು, ಮಂಚದ ಕಂಬಿಗೆ ಕಟ್ಟಲು ನಾಲ್ಕು ಲಾಡಿ. ಎಡಗೈ ಆಡದವರಿಗೆ ಬಲಕ್ಕೆ, ಬಲಗೈ ಆಡದವರಿಗೆ ಎಡಕ್ಕೆ. ಮ್ಯಾನೇಜರಮ್ಮ ಆಫೀಸು ಬಿಟ್ಟು ಬಂದು ತಾವೇ ಲಾಡಿ ಬಿಗಿದರು. ಮೇಷ್ಟ್ರ ಮಗನ ಜೊತೆ ಮಾತಾಡಿ ಬಂದಿದ್ದರು. ಅವರ ಕಣ್ಣು ಕೆಂಪಾಗಿತ್ತು.

ಅಪ್ಪ ಕೈ ಇಳಿಬಿಟ್ಟು ಬಾಟಲಿ ತೆಗೆದ. ಮತ್ತೆ ಇಟ್ಟ. ಇನ್ನೊಮ್ಮೆ ತೆಗೆದ.

"ಆ ಮಂಚಕ್ಕೂ ಒಂದು ಹೊಲಿ," ಎಂದು ಬರಿದಾದ ಮಂಚ ತೋರಿಸಿದ. "ನಾಳೆ ಯಾರೋ ಬರ್ತಾರೆ. ಅವರಿಗೂ ಬಾಯಾರುತ್ತೆ."

ಅವಳು ಮಷಿನ್ನಿನ ಹಿಡಿ ತಿರುಗಿಸತೊಡಗಿದಳು.

"ನನ್ನ ಬಸ್ಸಲ್ಲೂ ಸೀಟಿನ ಪಕ್ಕ ಇಂಥದ್ದೇ ಜೇಬಿತ್ತು," ಎಂದ ಅಪ್ಪ. ದನಿ ಇನ್ನೂ ಒಣಗಿಯೇ ಇತ್ತು. "ಅದರಲ್ಲಿ ಮೊಸಳೆ ಮರಿ ಸಾಕಿದ್ದೆ."

ಮಾತು ಮುಗಿಸಿ ಅವನು ಪಕ್ಕಕ್ಕೆ ಕಿವಿಗೊಟ್ಟು ಕಾದ. ಆ ಕಡೆ ಬರೀ ಕಬ್ಬಿಣದ ಪಟ್ಟಿಗಳು.

ಮಗಳು ಮಷಿನ್ನು ನಿಲ್ಲಿಸಿದಳು. "ಅರ್ಧಕ್ಕೆ ಇಳಿಸಪ್ಪ. ಹಲ್ಲಿ ಅನ್ನು."

ಅಪ್ಪ ಅವಳ ಕಡೆ ತಿರುಗಲಿಲ್ಲ. ಕಣ್ಣಿನಂಚಿನಿಂದ ಇಳಿದದ್ದನ್ನು ಒರೆಸಿಕೊಳ್ಳಲೂ ಇಲ್ಲ.

"ಉಡ," ಎಂದ. "ಅದಕ್ಕಿಂತ ಇಳಿಸಲ್ಲ."