ನಡುವಿನಿಂದ ಅಂಚಿಗೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಅಮ್ಮ ಹೇಳ್ತಾಳೆ. ಇರಲಿ. ಆ ಶನಿವಾರ ಅದು ಅಲ್ಲಿದ್ದದ್ದೇ ಒಳ್ಳೆಯದಾಯ್ತು.

ಊರಂಚಿನ ಉದ್ಯಾನದಲ್ಲಿ ಅಮ್ಮ ನಡಿಗೆದಾರಿ ಗುಡಿಸುತ್ತಾಳೆ, ನಾನು ಹುಲ್ಲು ಕೊಯ್ಯುವ ಮಷೀನು ಓಡಿಸುತ್ತೇನೆ. ಮಕ್ಕಳ ಜಾರುಬಂಡೆ, ಕೆರೆ ದಾಟಿದರೆ ಸೊಂಟದೆತ್ತರದ ಹುಲ್ಲಿನ ಬಯಲು. ಭಾನುವಾರ ಅಲ್ಲಿ ಓಟದ ಪಂದ್ಯ. ಹೊಸ ಸೂಪರ್‌ವೈಸರ್ ಬೆಳಗ್ಗೆಯೇ ಬಂದು ಬೆರಳು ತಿರುಗಿಸಿ ತೋರಿಸಿದರು.

"ಅಂಚಿಂದ ಶುರು ಮಾಡು. ಸುತ್ತು ಹಾಕ್ತಾ ನಡುವಿಗೆ ಬಾ. ನೀಟಾಗಿ ಕಾಣುತ್ತೆ."

"ಹಾಗೆ ಕೊಯ್ದರೆ ಒಳಗಿರೋವು ಸಾಯ್ತವೆ ಸಾರ್."

"ಒಳಗೆ ಯಾರಪ್ಪಾ ಇದಾರೆ, ನಿಮ್ಮ ನೆಂಟರಾ?"

ಗೌಜಲಹಕ್ಕಿ ಇತ್ತು, ಇನ್ನೂ ಹಾರಲು ಬಾರದ ಮರಿಗಳ ಸಮೇತ; ಹಿಂದಿನ ದಿನವೇ ಎಣಿಸಿದ್ದೆ. ಹೊರಗಿನಿಂದ ಕೊಯ್ದರೆ ಅವು ಸದ್ದಿಗೆ ಹೆದರಿ ಒಳಗೊಳಗೇ ಸರಿಯುತ್ತವೆ, ಬೋಳು ನೆಲಕ್ಕೆ ಕಾಲಿಡೋದಿಲ್ಲ. ಕೊನೆಗೆ ನಡುವೆ ಚಾಪೆಯಷ್ಟು ಹುಲ್ಲು ಉಳಿಯುತ್ತೆ, ಎಲ್ಲವೂ ಅದರಲ್ಲಿ. ಕೆಲಸಕ್ಕೆ ಸೇರಿದ ವರ್ಷ ಆ ಕೊನೇ ಸುತ್ತನ್ನು ನಾನೇ ಹೊಡೆದಿದ್ದೆ. ಬ್ಲೇಡು ತೊಳೆದದ್ದೂ ನಾನೇ. ಅಂದಿನಿಂದ ನಡುವಿನಿಂದಲೇ ಶುರು ಮಾಡುತ್ತೇನೆ. ಅಂಚಿನ ಪೊದೆ ತನಕ ಅವುಗಳಿಗೆ ಮರೆ ಇರುತ್ತೆ.

ಇಷ್ಟನ್ನೂ ಬಿಡಿಸಿ ಹೇಳಿದೆ.

"ಎಷ್ಟನೇ ಕ್ಲಾಸು ಓದಿದೀಯ?"

"ಎಂಟು. ಅದೂ ಅರ್ಧ."

"ಗೊತ್ತಾಗುತ್ತೆ. ಹೇಳಿದಷ್ಟು ಮಾಡು. ಇಲ್ಲಾಂದ್ರೆ ಕೀ ಕೊಟ್ಟು ಮನೆಗೆ ಹೋಗು."

ಮೈಯೆಲ್ಲ ಉರಿದುಹೋಯ್ತು. ಅಮ್ಮ ಪೊರಕೆ ಹಿಡಿದೇ ಓಡಿ ಬಂದಳು. "ಬಾಯಿ ಮುಚ್ಕೊಂಡಿರೋ! ಕೆಲಸ ಹೋದರೆ ಮಣ್ಣು ತಿನ್ನೋಣವಾ?"

"ಮರಿ ಇವೆ ಕಣಮ್ಮಾ."

"ಎಷ್ಟು?"

"ಒಂಬತ್ತು."

ಅವಳು ನನ್ನನ್ನು ನೋಡಿದಳು, ಸೂಪರ್‌ವೈಸರನ್ನು ನೋಡಿದಳು. "ಬ್ಲೇಡು ಎತ್ಕೋ. ನಾನು ಮುಂದೆ ನಡೀತೀನಿ."

ಪೊರಕೆಯಿಂದ ಹುಲ್ಲು ಬಗೆಯುತ್ತಾ ಅಮ್ಮ ಮುಂದೆ, ಆಮೆಯ ಹಾಗೆ ನಾನು ಹಿಂದೆ. "ಏಯ್! ಏಯ್!" ಅಂತ ಕೂಗು ಕೇಳುತ್ತಲೇ ಇತ್ತು. ನಡು ತಲುಪಿ ಬ್ಲೇಡು ಇಳಿಸಿದೆ. ಸುತ್ತು ದೊಡ್ಡದಾಗುತ್ತಾ ಹೋಯ್ತು. ವಾಕಿಂಗ್ ಬಂದವರು ನಿಂತು ನೋಡತೊಡಗಿದರು. ದಾರಿ ಪಕ್ಕದ ಪಟ್ಟಿಯಷ್ಟೇ ಉಳಿದಾಗ ಮಷೀನು ನಿಲ್ಲಿಸಿದೆ.

ಹುಲ್ಲು ಅಲುಗಿತು. ತಾಯಿಹಕ್ಕಿ ಹೊರಬಂದು ದಾರಿಯಾಚೆಯ ಪೊದೆಯತ್ತ ಓಡಿತು, ಹಿಂದೆ ಗೋಲಿ ಉರುಳಿದ ಹಾಗೆ ಮರಿಗಳು. ದಾರಿ ನಡುವೆ ನಿಂತಿದ್ದ ಸೂಪರ್‌ವೈಸರ್ ಎತ್ತಿದ ಕಾಲು ಇಳಿಸಲಿಲ್ಲ, ಕೊಕ್ಕರೆಯ ಹಾಗೆ ಹಾಗೇ ನಿಂತರು. ಅಮ್ಮ ಗಟ್ಟಿಯಾಗಿ ಎಣಿಸಿದಳು. ಎಂಟಕ್ಕೆ ನಿಂತಳು. ನಾನು ಬಗ್ಗಿ ಬ್ಲೇಡಿನ ಕಡೆ ನೋಡಿದೆ.

"ಬಂತು ನೋಡು ಸೋಮಾರಿ! ಒಂಬತ್ತು!"

ಮಧ್ಯಾಹ್ನ ಆಫೀಸಿಗೆ ಕರೆದರು. ಅಷ್ಟು ಜನ ನೋಡಿದ ಮೇಲೆ ಕೆಲಸದಿಂದ ತೆಗೆಯುವುದು ಕಷ್ಟವಾಗಿರಬೇಕು. ಮಾತು ಮೀರಿದ್ದಕ್ಕೆ ನೋಟಿಸು ಮುಂದಿಟ್ಟರು. ಕಾರಣ ಬರೆಯಲು ನಾಲ್ಕು ಗೆರೆ ಖಾಲಿ ಇತ್ತು.

"ತಪ್ಪಾಯ್ತು ಅಂತ ಬರಿ, ಮುಗೀತು."

ನಾನು ನಿಧಾನವಾಗಿ, ಅಕ್ಷರ ದುಂಡಗೆ ಬರೆದೆ: ನಡುವಿನಿಂದ ಕೊಯ್ದೆ. ಒಂಬತ್ತೂ ದಾಟಿದವು. ಮುಂದಿನ ಸಲವೂ ಹೀಗೇ ಕೊಯ್ಯುತ್ತೇನೆ.

ಅವರು ಎರಡು ಸಲ ಓದಿದರು. ಹರಿಯಲಿಲ್ಲ, ಫೈಲಿಗೆ ಸೇರಿಸಿದರು. ಸೇರಿಸಲಿ. ನಾನು ಬರೆದದ್ದನ್ನು ಇದುವರೆಗೆ ಯಾರೂ ಎತ್ತಿಟ್ಟುಕೊಂಡಿರಲಿಲ್ಲ.