ಇಪ್ಪತ್ತೆರಡು ಹೆಜ್ಜೆ

ನನ್ನ ತಂಗಿಯ ಮಗಳು ಅವತ್ತು ಮನೆಗೆ ಬಂದಾಗ ಒಂದು ಕೈಯಲ್ಲಿ ಆಳೆತ್ತರದ ಕೋಲು, ಇನ್ನೊಂದು ಕೈಯಲ್ಲಿ ಸ್ಲೇಟಿನಷ್ಟು ಅಗಲದ ಟ್ಯಾಬ್ಲೆಟ್ಟು. ಕೋಲಿನ ತುದಿಗೆ ಬಿಳಿ ಅಣಬೆಯಂಥದ್ದೊಂದು ಕೂತಿತ್ತು. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಏನೇ ಇದು, ಛತ್ರಿ ಬಟ್ಟೆ ಗಾಳಿಗೆ ಹಾರಿಹೋಯ್ತಾ?"

"ಛತ್ರಿ ಅಲ್ಲ ಅತ್ತೆ. ಇದು ಉಪಗ್ರಹಗಳ ಜೊತೆ ಮಾತಾಡುತ್ತೆ. ನಿಂತಿರೋ ಜಾಗ ಎಲ್ಲಿದೆ ಅಂತ ಎರಡು ಬೆರಳಿನಷ್ಟೂ ತಪ್ಪದೆ ಹೇಳುತ್ತೆ."

"ಹಾಗಾದ್ರೆ ನಿಮ್ಮ ಮಾವನ ಕನ್ನಡಕ ಎಲ್ಲಿದೆ ಅಂತ ಕೇಳು. ಬೆಳಿಗ್ಗೆಯಿಂದ ಮನೆಯೆಲ್ಲ ಸುತ್ತುತ್ತಿದ್ದಾರೆ."

ಕನ್ನಡಕ ನನ್ನ ತಲೆಯ ಮೇಲೇ ಇತ್ತು. ಅದಕ್ಕೆ ಉಪಗ್ರಹ ಬೇಕಾಗಲಿಲ್ಲ.

ಹುಡುಗಿ ನೀರಿನ ಕಚೇರಿಯಲ್ಲಿ ನಕ್ಷೆಯ ಕೆಲಸ ಮಾಡುತ್ತಾಳೆ. ನಾನು ಅದೇ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ವಾಲ್ವು ತಿರುಗಿಸಿದವನು. ಬೆಳಿಗ್ಗೆ ಒಂದು ಬೀದಿಗೆ ನೀರು ಬಿಡುವುದು, ಮಧ್ಯಾಹ್ನ ನಿಲ್ಲಿಸಿ ಇನ್ನೊಂದು ಬೀದಿಗೆ ಬಿಡುವುದು. ಈಗ ನೆಲದೊಳಗಿನ ಪೈಪು, ವಾಲ್ವುಗಳನ್ನೆಲ್ಲ ಕಂಪ್ಯೂಟರಿನ ನಕ್ಷೆಗೆ ಏರಿಸುತ್ತಿದ್ದಾರೆ. ಮುಚ್ಚಳ ಕಾಣುವ ವಾಲ್ವುಗಳದ್ದು ಕಷ್ಟವಿಲ್ಲ, ಮೇಲೆ ಕೋಲು ಊರಿದರಾಯಿತು. ಡಾಂಬರಿನ ಅಡಿಗೆ ಸೇರಿಹೋದವು ಎಲ್ಲಿವೆಯೋ ಯಾರಿಗೂ ತಿಳಿಯದು. ಕಚೇರಿಯ ಹಳೆಯ ಕಾಗದದ ನಕ್ಷೆಗಳು ಬೀರುವಿನಲ್ಲಿದ್ದವು. ಬೀರುವಿನ ಮೇಲೆ ಸೋರುವ ಪೈಪಿತ್ತು. ನೀರಿನ ಕಚೇರಿಯ ಕಾಗದ ನೀರಿಗೇ ಹೋಯಿತು. ಆಗ ಅವಳಿಗೆ, ಯಾವ ವಾಲ್ವು ಎಲ್ಲಿದೆ ಎಂದು ನಾನು ಗುರುತು ಹಾಕಿಟ್ಟಿದ್ದ ಪುಸ್ತಕದ ನೆನಪಾಗಿದೆ.

ಆ ಪುಸ್ತಕದಲ್ಲಿ ಬರಹ ಕಮ್ಮಿ, ಚಿತ್ರ ಹೆಚ್ಚು. ದರ್ಜಿಯ ಅಂಗಡಿಗೆ ಕತ್ತರಿ, ಬೇಕರಿಗೆ ಬ್ರೆಡ್ಡು, ಸದಾ ಕೂಗಾಡುತ್ತಿದ್ದ ಡಾಕ್ಟರ ಮನೆಗೆ ತೆರೆದ ಬಾಯಿ. ಅಲ್ಲಿಂದ ವಾಲ್ವಿನವರೆಗೆ ಒಂದು ಗೆರೆ, ಗೆರೆಯ ಕೊನೆಗೆ ಎಷ್ಟು ಹೆಜ್ಜೆ ಎಂಬ ಅಂಕಿ. ಕೆಲಸಕ್ಕೆ ಸೇರಿದಾಗ ಕಚೇರಿಯವರು ಅಳತೆಯ ಟೇಪು ಕೊಟ್ಟಿದ್ದರು. ಎರಡೇ ವಾರಕ್ಕೆ ಅದು ಗುಂಡಿಯೊಳಗೆ ಜಾರಿತು. ಟೇಪನ್ನು ಮರೆತು ಬರಬಹುದು, ಬೀಳಿಸಬಹುದು. ಕಾಲನ್ನು ಮರೆತು ಬರಲಾದೀತೆ? ಅಲ್ಲಿಂದ ಮುಂದೆ ಎಲ್ಲವನ್ನೂ ಹೆಜ್ಜೆಯಲ್ಲೇ ಅಳೆದೆ.

"ಮೊದಲು ನಿಮ್ಮ ಮನೆ ನೋಡಿ ಮಾವ," ಎಂದು ಹುಡುಗಿ ಟ್ಯಾಬ್ಲೆಟ್ಟು ತೋರಿಸಿದಳು. ಕಳೆದ ತಿಂಗಳು ಊರ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರವಂತೆ. ನಮ್ಮ ತಾರಸಿ, ತಾರಸಿಯಲ್ಲಿ ಒಣಹಾಕಿದ್ದ ತೂತುಬಿದ್ದ ಹೊದಿಕೆ, ಹೊದಿಕೆಯ ಪಕ್ಕ ಕಪ್ಪು ಚುಕ್ಕೆಯಂಥ ಒಂದು ತಲೆ.

ಹೆಂಡತಿ ಕಣ್ಣಗಲಿಸಿದಳು. "ಇದು ನಾನಾ? ಆವತ್ತು ದುಂಬಿ ಥರ ಗುಂಯ್ ಅಂತಿದ್ದದ್ದು ಇದೇನಾ? ತೆಗೀತೀವಿ ಅಂತ ಒಂದು ಮಾತು ಹೇಳಬಾರದಿತ್ತಾ? ಒಳ್ಳೇ ಹೊದಿಕೆ ಹಾಕ್ತಿದ್ದೆ. ತಲೇನಾದ್ರೂ ಬಾಚಿಕೊಳ್ತಿದ್ದೆ."

"ಯಾರೂ ನೋಡಲ್ಲ ಅತ್ತೆ."

"ಕಚೇರಿಯವರೆಲ್ಲ ನೋಡೋಕೇ ತಾನೆ ನಕ್ಷೆ ಮಾಡೋದು? ಅದನ್ನ ಅಳಿಸಿ ಬೇರೆ ತೆಗಿ."

ಚಿತ್ರದಲ್ಲಿ ಇನ್ನೊಂದು ವಸ್ತುವೂ ಇತ್ತು. ಬಟ್ಟೆ ಒಣಗಿಸುವ ತಂತಿ ಜಗ್ಗದ ಹಾಗೆ ನಡುವೆ ಆನಿಸಿದ್ದ ಕಬ್ಬಿಣದ ಸರಳು. ಅದು ನನ್ನ ವಾಲ್ವಿನ ಚಾವಿ. ಎದೆಮಟ್ಟದ ಉದ್ದ, ಮೇಲೆ ಅಡ್ಡಹಿಡಿ, ಕೆಳಗೆ ವಾಲ್ವಿನ ತಲೆಗೆ ಕೂರುವ ಚೌಕದ ಬಾಯಿ. ನಿವೃತ್ತಿಯ ದಿನ ನೆನಪಿಗಿರಲಿ ಎಂದು ಕೊಟ್ಟಿದ್ದರು. ಆರು ತಿಂಗಳು ಬಾಗಿಲ ಹಿಂದೆ ನಿಂತಿತ್ತು. ಆಮೇಲೆ ಹೆಂಡತಿ ಅದಕ್ಕೂ ಕೆಲಸ ಹುಡುಕಿದಳು. ನನಗೆ ಹುಡುಕಿದ ಹಾಗೆಯೇ.

ನಾಲ್ಕು ದಿನ ನಾನೂ ಹುಡುಗಿಯೂ ಬೀದಿ ಬೀದಿ ತಿರುಗಿದೆವು. ಕಣ್ಣಿಗೆ ಕಂಡ ವಾಲ್ವಿಗೆ ಅವಳು ನೀಲಿ ಚುಕ್ಕೆ ಇಡುತ್ತಿದ್ದಳು. ಹೂತುಹೋದದ್ದಾದರೆ ನಾನು ಪುಸ್ತಕ ತೆರೆದು, ಗುರುತಿನಿಂದ ಹೆಜ್ಜೆ ಎಣಿಸಿ ನಿಲ್ಲುತ್ತಿದ್ದೆ. ಅವಳು ನನ್ನ ಕಾಲಿನ ಪಕ್ಕ ಕೋಲು ಊರಿ ಹಳದಿ ಚುಕ್ಕೆ ಇಡುತ್ತಿದ್ದಳು. ನೀಲಿ ಎಂದರೆ ಕಂಡದ್ದು, ಹಳದಿ ಎಂದರೆ ಹೇಳಿದ್ದು. ಹಳದಿ ಒಟ್ಟು ಹನ್ನೊಂದಾದವು.

"ನಿನ್ನ ಕೋಲು ನಮ್ಮ ಎಂಜಿನಿಯರ್ ಸಾಹೇಬರ ಥರ ಇದೆ," ಎಂದೆ ಒಮ್ಮೆ. "ತಾನೆಲ್ಲಿ ನಿಂತಿದ್ದೀನಿ ಅಂತ ಚೆನ್ನಾಗಿ ಗೊತ್ತು. ಕಾಲ ಕೆಳಗೆ ಏನಿದೆ ಅಂತ ಗೊತ್ತಿಲ್ಲ."

ಅವಳು ನಕ್ಕಳು. "ಅದಕ್ಕೇ ಅಲ್ವಾ ಮಾವ ನಿಮ್ಮನ್ನ ಕರಕೊಂಡು ಬಂದಿರೋದು."

ಹನ್ನೊಂದರಲ್ಲಿ ಅವಸರದ್ದು ಬೇಕರಿ ಬೀದಿಯ ವಾಲ್ವು. ಆ ಬೀದಿಗೆ ಗುರುವಾರ ಬೆಳಿಗ್ಗೆ ಕಾಂಕ್ರೀಟು ಹಾಕುವವರಿದ್ದರು. ನಕ್ಷೆಯಲ್ಲಿ ವಾಲ್ವು ಇರುವಲ್ಲಿ ಬಾಯಿ ಬಿಟ್ಟು ಹಾಕುತ್ತಾರೆ. ಇಲ್ಲದಿದ್ದರೆ ಅದು ಶಾಶ್ವತವಾಗಿ ಮುಚ್ಚಿದಂತೆ. ಹಿಂದೊಮ್ಮೆ ಆ ಬೀದಿಯ ಪೈಪು ಒಡೆದು ಬೇಕರಿಯೊಳಗೆ ಹಿಟ್ಟಿನ ಚೀಲಗಳು ತೇಲಿದಾಗ ನಾನು ಓಡಿಬಂದು ಮುಚ್ಚಿದ್ದು ಅದೇ ವಾಲ್ವನ್ನು. ಅದಿಲ್ಲವೆಂದರೆ ದೊಡ್ಡ ತೊಟ್ಟಿಯ ಬುಡದಲ್ಲೇ ನಿಲ್ಲಿಸಬೇಕು. ಅರ್ಧ ಊರಿನ ನಲ್ಲಿ ಒಣಗುತ್ತದೆ. ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ಬ್ರೆಡ್ಡಿನ ಚಿತ್ರ, ಗೆರೆ, ಇಪ್ಪತ್ತೆರಡು. ಬೇಕರಿಯ ಮೂಲೆಗಲ್ಲು ಈಗಲೂ ಅಲ್ಲೇ ಇದೆ. ಇಪ್ಪತ್ತೆರಡು ಹೆಜ್ಜೆ ಎಣಿಸಿ ನಿಂತಿದ್ದೆ.

ಮಂಗಳವಾರ ಅಗೆದರು. ಮೊಣಕಾಲುದ್ದ ಅಗೆದರು, ಅಕ್ಕಪಕ್ಕ ಅಗಲಿಸಿದರು. ಲೋಹ ಹುಡುಕುವ ಯಂತ್ರ ತಂದು ಓಡಾಡಿಸಿದರೆ ಅದು ಬೀದಿಯುದ್ದಕ್ಕೂ ಕೂಗಿತು. ಕೆಳಗೆ ಕರೆಂಟಿನ ಕೇಬಲ್ಲುಗಳು. ಕೊನೆಗೆ ರಸ್ತೆ ಕೆಲಸದ ಮೇಸ್ತ್ರಿಯ ಸಲಿಕೆಗೆ ಸಿಕ್ಕಿದ್ದು ಒಂದು ಒಂಟಿ ಚಪ್ಪಲಿ.

"ಅಜ್ಜ, ಇದೇನಾ ನಿಮ್ಮ ವಾಲ್ವು?" ಎಂದು ಅವನು ಅದನ್ನು ಸಲಿಕೆಯ ತುದಿಯಲ್ಲಿ ಎತ್ತಿ ಹಿಡಿದ. "ತಿರುಗಿಸಿ ನೋಡಿ, ನೀರು ಬಂದ್ರೂ ಬರಬಹುದು."

ಎಲ್ಲರೂ ನಕ್ಕರು. ಎಂಜಿನಿಯರ್ ನಗಲಿಲ್ಲ. ಹುಡುಗಿಯ ಕಡೆ ತಿರುಗಿ, "ನಾಳೆ ಸಂಜೆವರೆಗೆ ನೋಡ್ತೀನಿ," ಎಂದರು. "ಸಿಗದಿದ್ರೆ ಈ ಹಳದಿ ತೆಗೆದುಬಿಡಿ. ಇದೊಂದೇ ಅಲ್ಲ, ಹನ್ನೊಂದೂ. ಯಾರೋ ನೆನಪಿಂದ ಹೇಳಿದ್ದನ್ನೆಲ್ಲ ನಕ್ಷೆಗೆ ತುಂಬಿಸೋಕಾಗಲ್ಲ."

ಅವಳು ತಲೆ ತಗ್ಗಿಸಿ ಟ್ಯಾಬ್ಲೆಟ್ಟು ಒರೆಸುತ್ತ ನಿಂತಳು. ನಮ್ಮ ಮಾವನ ಪುಸ್ತಕ ಕಣ್ಣುಮುಚ್ಚಿ ನಂಬಬಹುದು ಎಂದು ಕಚೇರಿಯ ತುಂಬಿದ ಸಭೆಯಲ್ಲಿ ಹೇಳಿದ್ದಳಂತೆ. ನನಗೆ ಹೇಳಿರಲಿಲ್ಲ. ಮೇಸ್ತ್ರಿಯ ಬಾಯಿಂದ ಕೇಳಿದೆ.

ಮನೆಗೆ ಬಂದು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದೆ. ಇಪ್ಪತ್ತೆರಡು ಇಪ್ಪತ್ತೆರಡೇ. ಪೈಪು ನಡೆದುಹೋಗುವ ಪ್ರಾಣಿಯಲ್ಲ. ವಾಲ್ವನ್ನು ಯಾರೂ ಕದಿಯುವುದಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಬ್ರೆಡ್ಡು ತರಲು ಹೊರಟಳು. ಮನೆಯಲ್ಲಿ ಕೂತು ಮಂಕಾಗುವ ಬದಲು ಬನ್ನಿ ಎಂದಳು, ಹೋದೆ. ಮೊದಲ ತಿರುವಿನಲ್ಲಿ ಅವಳು ನಿಂತು ಕಾದಳು. ಎರಡನೇ ತಿರುವಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ಕಾದಳು.

"ರೀ, ಬರ್ತೀರೋ, ಇಲ್ಲ ನಾನೇ ಹೋಗಿ ಬಂದು ನಿಮ್ಮನ್ನ ಎತ್ತಿಕೊಂಡು ಹೋಗಲೋ?"

"ನಿನಗ್ಯಾಕೆ ಇಷ್ಟು ಅವಸರ?"

"ನನ್ನ ಅವಸರಾನಾ? ಮದುವೆಯಾದ ಹೊಸದರಲ್ಲಿ ನಿಮ್ಮ ಹಿಂದೆ ಓಡಿ ಓಡಿ ವರ್ಷಕ್ಕೆ ಮೂರು ಜೊತೆ ಚಪ್ಪಲಿ ಸವೆಸಿದ್ದೀನಿ. ನೀವು ಒಂದು ಹೆಜ್ಜೆ ಇಟ್ಟರೆ ನಾನು ಒಂದೂಕಾಲು ಇಡಬೇಕಿತ್ತು. ಈಗ ನೋಡಿ, ನೀವು ಬರೋದರೊಳಗೆ ಬೇಕರಿಯವನ ಸಂಸಾರದ ಸುದ್ದಿಯೆಲ್ಲ ಕೇಳಿ ಮುಗಿಸಬಹುದು."

ನಾನು ಇದ್ದಲ್ಲೇ ನಿಂತೆ. ಬಗ್ಗಿ ನನ್ನ ಕಾಲು ನೋಡಿಕೊಂಡೆ. ಒಂದು ಪಾದದ ಹಿಂದೆ ಇನ್ನೊಂದು ಪಾದ, ನಡುವೆ ಹೆಚ್ಚೆಂದರೆ ಒಂದು ಗೇಣು ಜಾಗ.

"ಏನಾಯ್ತು? ಏನಾದ್ರೂ ಬಿತ್ತಾ?"

"ಸಿಕ್ತು," ಎಂದೆ.

ಹುಡುಗಿಗೆ ಫೋನು ಮಾಡಿದೆ. "ಪುಸ್ತಕ ಸರಿ ಇದೆ ಕಣಮ್ಮ. ನನ್ನ ಹೆಜ್ಜೆ ಚಿಕ್ಕದಾಗಿದೆ."

"ಯಾವಾಗಿಂದ ಮಾವ?"

"ನನಗೆ ಹೇಳಿ ಆಗಿದ್ದಲ್ಲ."

ಅವಳು ಕೋಲು ಹಿಡಿದು ಬಂದೇಬಿಟ್ಟಳು. ಎರಡು ತುದಿಯೂ ಈಗಲೂ ಕಣ್ಣಿಗೆ ಕಾಣುವ ಒಂದು ಪುಟ ಹುಡುಕಿ ಎಂದಳು. ಅದೇ ಕಾಲದ ಪುಟವೊಂದಿತ್ತು: ಪಂಪ್‌ಹೌಸಿನ ಹೊಸ್ತಿಲಿನಿಂದ ಶಾಲೆಯ ಗೇಟಿನ ಮುಚ್ಚಳಕ್ಕೆ ನಲವತ್ತು ಹೆಜ್ಜೆ. ಕೋಲನ್ನು ಎರಡೂ ಕಡೆ ಊರಿದಳು. ಮೂವತ್ತೊಂದು ಮೀಟರ್ ಎಂದು ಬಂತು. "ಈಗ ನೀವು ನಡೀರಿ. ಬೇಕು ಅಂತ ಉದ್ದ ಹಾಕಬೇಡಿ."

ನಡೆದೆ. ಹೆಂಡತಿ ಬ್ರೆಡ್ಡಿನ ಚೀಲ ಹಿಡಿದು ಪಕ್ಕದಲ್ಲೇ ಗಟ್ಟಿಯಾಗಿ ಎಣಿಸುತ್ತ ಬಂದಳು, ಬೀದಿಗೆಲ್ಲ ಕೇಳಲಿ ಎಂದೇ. ಐವತ್ತೈದು.

"ರಸ್ತೆ ಬೆಳೆದಿರಬೇಕು," ಎಂದೆ.

"ಹೌದು, ಗೊಬ್ಬರ ಹಾಕಿದ್ದಾರೆ," ಎಂದಳು ಅವಳು.

ಹುಡುಗಿ ಅಲ್ಲೇ ಲೆಕ್ಕ ಹಾಕಿದಳು. "ಆಗ ನಿಮ್ಮ ಒಂದು ಹೆಜ್ಜೆ ಎಪ್ಪತ್ತೇಳು ಸೆಂಟಿಮೀಟರ್ ಮಾವ. ಈಗ ಐವತ್ತಾರು. ಇಪ್ಪತ್ತೆರಡು ಹೆಜ್ಜೆಗೆ ನಾಲ್ಕೂವರೆ ಮೀಟರ್ ಮೊದಲೇ ನಿಂತುಬಿಟ್ಟಿದ್ದೀರಿ."

ನಾಲ್ಕೂವರೆ ಮೀಟರ್ ಮುಂದೆ ಎಂದರೆ ಕ್ಷೌರದ ಅಂಗಡಿಯ ಎದುರು. ಮೇಸ್ತ್ರಿ ನಂಬಿಕೆಯಿಲ್ಲದ ಮುಖದಿಂದಲೇ ಸಲಿಕೆ ಹಾಕಿದ. "ಇನ್ನೊಂದು ಚಪ್ಪಲಿ ಸಿಕ್ಕಿದ್ರೆ ಜೋಡಿ ಆಗುತ್ತೆ ಅಜ್ಜ," ಎಂದ. ಮೊಣಕಾಲುದ್ದ ಇಳಿಯುವ ಮೊದಲೇ ಸಲಿಕೆ ಠಣ್ ಎಂದಿತು. ಮಣ್ಣು ಸರಿಸಿದರೆ ತುಕ್ಕು ಹಿಡಿದ ಮುಚ್ಚಳ. ಮುಚ್ಚಳದ ಕೆಳಗೆ ಗುಂಡಿ, ಗುಂಡಿಯೊಳಗೆ ವಾಲ್ವಿನ ಚೌಕ ತಲೆ, ಮೂವತ್ತು ವರ್ಷದ ಹಿಂದೆ ನಾನೇ ಸವರಿದ್ದ ಗ್ರೀಸಿನ ಕರಿ ಇನ್ನೂ ಅಂಟಿಕೊಂಡು.

"ಮುಚ್ಚಳ ಸಿಕ್ಕಿದ್ರೆ ಸಾಲದು," ಎಂದರು ಎಂಜಿನಿಯರ್. "ಕೆಲಸ ಮಾಡುತ್ತಾ ನೋಡಬೇಕು."

ಹುಡುಗಿ ಸ್ಕೂಟರಿನಲ್ಲಿ ನಮ್ಮ ಮನೆಗೆ ಹೋಗಿ ಚಾವಿ ತಂದಳು. ಒಗೆದ ಬಟ್ಟೆಯೆಲ್ಲ ತಾರಸಿಯಲ್ಲಿ ಉರುಳಿತು ಎಂಬ ಸುದ್ದಿಯನ್ನೂ ತಂದಳು. ಹೆಂಡತಿ ಅನ್ನುವುದನ್ನು ಆಮೇಲಕ್ಕೆ ಎತ್ತಿಟ್ಟುಕೊಂಡಳು. ಚಾವಿ ಇಳಿಸಿದೆ. ಕೂತಿತು. ತಿರುಗಲಿಲ್ಲ. ಮೇಸ್ತ್ರಿ ಅಡ್ಡಹಿಡಿಯ ಆ ಕಡೆ ಕೈ ಹಾಕಿದ. ಇಬ್ಬರೂ ಉಸಿರು ಕಟ್ಟಿದೆವು. ಮುದುಕನ ಮಂಡಿಯ ಹಾಗೆ ಕಿರ್ರೆಂದು ಕಾಲು ಸುತ್ತು, ಅರ್ಧ ಸುತ್ತು, ಆಮೇಲೆ ಸಲೀಸು. ಹದಿನಾಲ್ಕನೇ ಸುತ್ತಿಗೆ ಕ್ಷೌರದ ಅಂಗಡಿಯಿಂದ ಒಬ್ಬ ಗಿರಾಕಿ ಮುಖದ ತುಂಬ ಸೋಪಿನ ನೊರೆ ಹೊತ್ತು, ಒಂದೇ ಕಣ್ಣು ತೆರೆದು ಹೊರಗೆ ಬಂದ.

"ಯಾರ್ರೀ ಅದು ನೀರು ನಿಲ್ಲಿಸಿದ್ದು?"

ಅವನನ್ನು ಕಂಡು ನನಗಾದ ಸಂತೋಷ ಅವನಿಗೆ ಅರ್ಥವಾಗಲಿಲ್ಲ.

ಮೇಸ್ತ್ರಿ ಕೈ ಒರೆಸಿಕೊಂಡ. "ಅಜ್ಜ, ಚಪ್ಪಲಿ ಮಾತು ವಾಪಸ್ ತಗೊಂಡೆ."

ಹುಡುಗಿ ಕೋಲು ಊರಿದಳು. ಹಳದಿ ಚುಕ್ಕೆ ಹೋಗಿ ನೀಲಿ ಬಂತು. ಎಂಜಿನಿಯರ್ ನನ್ನ ಬೆನ್ನು ತಟ್ಟಿ, "ಸರಿ, ಉಳಿದ ಹತ್ತು ಹಳದಿ ಇದ್ದ ಹಾಗೇ ಇರಲಿ," ಎಂದರು.

ನಾನು ಸುಮ್ಮನೆ ಮನೆಗೆ ಹೋಗಬಹುದಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದ್ದ ಹಾಗೇ ಬೇಡ ಸಾರ್," ಎಂದೆ. "ಅವನ್ನೂ ಈ ಕಾಲಲ್ಲೇ ಎಣಿಸಿದ್ದು."

"ಅಷ್ಟೇ ತಾನೆ ಮಾವ? ಎಲ್ಲದಕ್ಕೂ ಎಪ್ಪತ್ತೇಳು ಹಾಕಿದ್ರಾಯ್ತು," ಎಂದಳು ಹುಡುಗಿ. "ಹತ್ತು ನಿಮಿಷದ ಕೆಲಸ."

"ಹಾಗಾಗಲ್ಲ ಕಣಮ್ಮ. ಎಲ್ಲ ಪುಟಕ್ಕೂ ಒಂದೇ ವಯಸ್ಸಲ್ಲ."

ಮಧ್ಯಾಹ್ನ ಮೂವರೂ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕೂತೆವು. ನಾನು ಪುಟ ತಿರುಗಿಸುತ್ತ ಹೇಳಿದೆ. ಕತ್ತರಿಯ ಪುಟ ಕೆಲಸಕ್ಕೆ ಸೇರಿದ ವರ್ಷದ್ದು, ನನಗೆ ಇಪ್ಪತ್ತನಾಲ್ಕು. ಬಾಯಿಯ ಪುಟ ಮಗಳು ಹುಟ್ಟಿದ ವಾರದ್ದು. ಡಾಕ್ಟರು ಮನೆಯಲ್ಲಿ ಇಲ್ಲದ ದಿನ ಅಳೆದಿದ್ದೆ. ಗಡಿಯಾರದ ಪುಟ ಏಣಿಯಿಂದ ಬಿದ್ದು ಮಂಡಿ ಊದಿದ ಮೇಲೆ. ಒಂದೊಂದು ಕಾಲಕ್ಕೂ ಎರಡು ತುದಿ ಕಾಣುವ ಪುಟವೊಂದನ್ನು ಹುಡುಕಿದೆವು. ಹುಡುಗಿ ನಕ್ಷೆಯ ಪಟ್ಟಿಯಲ್ಲಿ ಹೊಸ ಕಾಲಮ್ಮು ತೆರೆದು ಮೇಲೆ 'ಹೆಜ್ಜೆಯ ವಯಸ್ಸು' ಎಂದು ಬರೆದಳು. ಕಚೇರಿಯವರು ಅದನ್ನು ಓದಿ ಏನೆಂದುಕೊಳ್ಳುವರೋ.

ಕೊನೆಯ ಪುಟ ಉಳಿಯಿತು. ನಿವೃತ್ತಿಯ ವರ್ಷದ್ದು. ಅದರ ಜೊತೆಗೆ ಅಳೆದು ನೋಡಲು ಬೇರೆ ಪುಟವೇ ಇಲ್ಲ.

"ಆ ವರ್ಷ ನೆನಪಿದೆ," ಎಂದಳು ಹೆಂಡತಿ. "ನಾನು ಓಡಲೂ ಇಲ್ಲ, ಕಾಯಲೂ ಇಲ್ಲ. ಇಬ್ಬರೂ ಅಕ್ಕಪಕ್ಕ ಸರಿಯಾಗಿ ನಡೀತಿದ್ವಿ."

ಹುಡುಗಿಯ ಮುಖ ಅರಳಿತು. "ಹಾಗಾದ್ರೆ ಅತ್ತೆ ಹೆಜ್ಜೆ ಅಳೆದ್ರೆ ಸಾಕು! ನಿಮ್ಮ ಹೆಜ್ಜೆ ಬದಲಾಗಿಲ್ಲ ತಾನೆ?"

"ನಂದಾ? ಅಂದೂ ಇಷ್ಟೇ, ಇಂದೂ ಇಷ್ಟೇ."

ನಾನು ಪುಸ್ತಕ ಮುಚ್ಚಿದೆ. ಅಗೆಯುವಾಗ ಅರ್ಧ ಮೀಟರ್ ಮುಂದಕ್ಕೂ ಅಗೆಯಿರಿ ಎಂದು ಮೇಸ್ತ್ರಿಯ ಕಿವಿಯಲ್ಲಿ ಹೇಳಿದರಾಯಿತು.

"ಬನ್ನಿ ಅತ್ತೆ, ಪಂಪ್‌ಹೌಸಿನ ಹತ್ರ ಹೋಗಿ ಅಳೆದುಬಿಡೋಣ," ಎಂದು ಹುಡುಗಿ ಕೋಲು ಎತ್ತಿಕೊಂಡಳು.

ಹೆಂಡತಿ ಕುರ್ಚಿಯಿಂದ ಏಳಲಿಲ್ಲ. "ಮೊದಲು ಆ ದುಂಬಿ ಕಳಿಸು," ಎಂದಳು. "ತಾರಸಿ ಮೇಲೆ ಒಳ್ಳೇ ಹೊದಿಕೆ ಹಾಕ್ತೀನಿ. ಆ ಚಿತ್ರ ಬದಲಾದ ಮೇಲೆ ನನ್ನ ಹೆಜ್ಜೆ."