ಅತ್ತೆಯ ಮೊಣಕಾಲು ನೋವು

ಕಂಪ್ಲಿಯಿಂದ ಹೊಸಪೇಟೆಗೆ ನಡೆದು ಹೋಗುವ ಮಾತು ಮೊದಲು ಎದ್ದದ್ದು ಅಕ್ಕಿ ಗಿರಣಿಯವರ ಸಭೆಯಲ್ಲಿ. ಎಂಬತ್ನಾಲ್ಕನೇ ಇಸವಿಯ ಮಳೆಗಾಲದಲ್ಲಿ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಟ್ರ್ಯಾಕ್ಟರಿನಲ್ಲಿ ಹೊಸಪೇಟೆಗೆ ಒಯ್ಯುವಾಗ ದಾರಿಯಲ್ಲೇ ಹೆರಿಗೆಯಾಗಿತ್ತು. ತಾಯಿ, ಮಗು ಹೇಗೋ ಉಳಿದುಕೊಂಡರು. ಊರಿಗೊಂದು ಆಂಬುಲೆನ್ಸ್ ಬೇಕೇ ಬೇಕು ಅಂತ ಅಂದಿನಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಫೆಬ್ರವರಿ ಕೊನೆಗೆ ಊರ ಮಂದಿ ಹೊಸಪೇಟೆಯವರೆಗೆ ನಡೆಯುವುದು, ನಡೆದವರ ಹೆಸರಿನಲ್ಲಿ ನೆಂಟರಿಷ್ಟರು ಕೈಲಾದದ್ದು ಕೊಡುವುದು, ಆ ಹಣದಲ್ಲಿ ಆಂಬುಲೆನ್ಸ್ ಕೊಳ್ಳುವುದು ಅಂತ ಗೊತ್ತಾಯಿತು.

ಗಿರಣಿಯ ದೊಡ್ಡಬಸಪ್ಪ ಹಿಂದುಮುಂದು ನೋಡದೆ ಎದ್ದು ನಿಂತು, "ನಮ್ಮ ಮನಿ ನಾಕೂ ಮಂದಿ ನಡೀತೀವಿ, ಬರಕೊಳ್ರಿ," ಅಂದುಬಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅಕ್ಕನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ಅಲ್ಲೇ ನಿಂತಿತು.

"ನಾಕು ಮಂದಿ ಅಂದ್ರ ಯಾರ್ಯಾರ್ರೀ?"

"ನಾನು, ನೀನು, ಸಂಗಮ್ಮ, ಅವ್ವ."

ಮಗಳು ಸಂಗಮ್ಮನಿಗೆ ಹದಿನೇಳು, ಅವಳು ಕುಣಿದಾಡಿದಳು. ಅತ್ತೆ ಮರುಳಸಿದ್ದಮ್ಮನಿಗೆ ಅರವತ್ತೈದು ದಾಟಿತ್ತು. ಆಕೆ ಮಾತ್ರ, "ಬೂಟು ಕೊಡಿಸ್ತೀಯೇನಲೇ?" ಅಂತ ಕೇಳಿದಳು. ಮೂರನೇ ದಿನ ನಾಲ್ಕು ಜೊತೆ ಕ್ಯಾನ್ವಾಸ್ ಬೂಟು ಬಂದವು. ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು ತೊಟ್ಟು ಅತ್ತೆ ಅಂಗಳದಲ್ಲಿ ಎರಡು ಸುತ್ತು ಹಾಕಿದಾಗ ಮನೆಯವರೆಲ್ಲ ನಕ್ಕರು. ಅಕ್ಕನಾಗಮ್ಮನೂ ನಕ್ಕಳು. ಒಳಗೆ ಮಾತ್ರ ಅವಳಿಗೆ ಹೆದರಿಕೆ.

ಅವಳಿಗೆ ಆಗ ನಲವತ್ತೊಂದು. ಅವಳ ತಾಯಿ ನಲವತ್ತೊಂದರಲ್ಲೇ, ಎಮ್ಮಿಗನೂರಿನ ಮನೆಯ ಹಿತ್ತಿಲಲ್ಲಿ, ನೀರು ಸೇದುತ್ತಾ ಏದುಸಿರು ಬಿಟ್ಟು ಕೂತವಳು ಮತ್ತೆ ಏಳಲಿಲ್ಲ. ಎದೆ ಕೆಟ್ಟಿತ್ತು ಅಂದಿದ್ದರು. ಈಗ ನಾಲ್ಕು ತಿಂಗಳಿಂದ ಅಕ್ಕನಾಗಮ್ಮನಿಗೂ ಮಾಳಿಗೆ ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ, ಎದೆ ಡವಡವ ಅನ್ನುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ, ಡಾಕ್ಟರು ಅದೇ ಮಾತು ಹೇಳುತ್ತಾರೆ. ಕೇಳಿಸಿಕೊಳ್ಳದೇ ಇರುವುದೇ ವಾಸಿ ಅನಿಸಿತ್ತು.

ಡಿಸೆಂಬರಿನಲ್ಲಿ ನಡೆಯುವ ರೂಢಿ ಶುರುವಾಯಿತು. ಬೆಳಗಿನ ಐದೂವರೆಗೆ ನಾಲ್ವರೂ ಕಾಲುವೆ ಏರಿಯ ಮೇಲೆ. ಒಂದು ಬದಿ ಕಾಲುವೆ ನೀರು, ಇನ್ನೊಂದು ಬದಿ ಕಡಿಯಲು ಬಂದ ಕಬ್ಬು. ದೊಡ್ಡಬಸಪ್ಪ ಕೈ ಬೀಸುತ್ತಾ ಮುಂದೆ, ಅವನ ಬೆನ್ನಿಗೆ ಸಂಗಮ್ಮ, ಹಿಂದೆ ಅತ್ತೆ ಸೊಸೆ. ಎರಡನೇ ದಿನವೇ, ಇನ್ನೂ ಒಂದು ಮೈಲು ಆಗಿರಲಿಲ್ಲ, ಅಕ್ಕನಾಗಮ್ಮನ ಕಣ್ಣಿಗೆ ಕತ್ತಲು ಬಂದಂತಾಯಿತು. ಅಷ್ಟರಲ್ಲಿ ಅತ್ತೆ ತೂಬಿನ ಕಟ್ಟೆಯ ಮೇಲೆ ದೊಪ್ಪನೆ ಕೂತುಬಿಟ್ಟಳು.

"ಯವ್ವಾ, ನನ್ನ ಮೊಣಕಾಲು! ನೀನೂ ಕುಂದ್ರು ಅಕ್ಕನಾಗಿ, ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ."

ಅಕ್ಕನಾಗಮ್ಮ ಕೂತಳು. ಸದ್ಯ ಬದುಕಿದೆ ಅನಿಸಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ, ಐದು ಸಲ ಅತ್ತೆಯ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಮುಂದೆ ಹೋದ ಅಪ್ಪ ಮಗಳು ದಾರಿ ಕಾದು ಕಾದು ಬೇಸತ್ತರು. ಹತ್ತು ದಿನವಾದ ಮೇಲೆ ದೊಡ್ಡಬಸಪ್ಪ, "ಅವ್ವಾ, ನಿನ್ನ ಕೈಲೆ ಆಗಂಗಿಲ್ಲ. ನೀ ಮನ್ಯಾಗ ಇರು. ಸುಮ್ಮನ ಎಲ್ಲಾರಿಗೂ ತಡಾ," ಅಂದ.

ಆಕೆ ಭಾಳ ಜಗಳಾಡಿದಳು. ಮಗ ಕೇಳಲಿಲ್ಲ, ಬೂಟನ್ನೇ ಅಟ್ಟದ ಮೇಲೆ ಇಟ್ಟ. ಆಕೆ ಸೊಸೆಯ ಮುಖ ನೋಡಿದಳು. ಅಕ್ಕನಾಗಮ್ಮ ತಲೆ ತಗ್ಗಿಸಿ ಲೋಟ ತೊಳೆಯುತ್ತಾ ಇದ್ದಳು.

ಮರುದಿನ ಮೂವರೇ ಹೊರಟರು. ಕೂತುಕೊಳ್ಳಲು ಯಾವ ನೆಪವೂ ಇಲ್ಲ. ತೂಬು ದಾಟಿತು, ಕಬ್ಬಿನ ಹೊಲ ದಾಟಿತು. ಎದೆ ಬಡಿತ ಕಿವಿಯಲ್ಲಿ ಕೇಳಿಸತೊಡಗಿತು. "ಸ್ವಲ್ಪ ನಿಲ್ರೀ" ಅನ್ನಬೇಕೆಂದು ಬಾಯಿ ತೆರೆದಳು. ಏರಿಯ ಮಣ್ಣು ಮೇಲೆದ್ದು ಬಂದ ಹಾಗಾಯಿತು.

ಕಣ್ಣು ಬಿಟ್ಟಾಗ ಅವಳು ಕಬ್ಬಿನ ಬಂಡಿಯಲ್ಲಿ ಮಲಗಿದ್ದಳು. ಸಂಗಮ್ಮ ಅಳುತ್ತಾ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ದೊಡ್ಡಬಸಪ್ಪ ಬಂಡಿಯ ಪಕ್ಕದಲ್ಲಿ ಓಡುತ್ತಿದ್ದ, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಬಾಗಿಲಲ್ಲಿ ಬಂಡಿ ನಿಂತಿದ್ದೇ ಮರುಳಸಿದ್ದಮ್ಮ ಮಗನ ಮೇಲೆ ಹರಿಹಾಯ್ದಳು.

"ನನ್ನ ಮೊಣಕಾಲಿಗೆ ಏನಾಗೇತಿ ಅಂತ ತಿಳಿದಿದ್ದಿ? ಗುಂಡಕಲ್ಲು ಇದ್ದಂಗ ಐತಿ! ಇಕಿ ಎರಡನೇ ದಿನಾನೇ ಉಸಿರಿಗೆ ಒದ್ದಾಡಾಕತ್ತಿದ್ಲು. ನಿಲ್ಲು ಅಂದ್ರ ನಿಲ್ಲಾಕಿ ಅಲ್ಲ, ಕೇಳಿದ್ರ ಹೇಳಾಕಿ ಅಲ್ಲ. ಅದಕ್ಕ ನಾ ಕುಂತ್ರ ಇಕಿನೂ ಕುಂದ್ರತಾಳ ಅಂತ ಕುಂತೆ. ನೀ ನನ್ನ ಬೂಟು ಅಟ್ಟಕ್ಕ ಇಟ್ಟಿ!"

ಅಕ್ಕನಾಗಮ್ಮ ಬಂಡಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕಳೆದರೂ ಈ ಹೆಂಗಸು ತನ್ನನ್ನು ಇಷ್ಟು ನೋಡುತ್ತಾಳೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಗಂಡ, ಹೆಂಡತಿ, ಅತ್ತೆ ಮೂವರೂ ಹೊಸಪೇಟೆಗೆ ಹೊರಟರು. ಬುಕ್ಕಸಾಗರ ದಾಟಿದ ಮೇಲೆ ಅಕ್ಕನಾಗಮ್ಮ ಅತ್ತೆಯ ಕಿವಿಯಲ್ಲಿ, "ಅತ್ತಿ, ನಮ್ಮವ್ವ ಹಿಂಗೇ..." ಅಂದಳು.

"ಗೊತ್ತೈತಿ, ಸುಮ್ಮನಿರು. ಡಾಕ್ಟರು ಹೇಳೋತನಕ ನೀ ಹೇಳಬ್ಯಾಡ."

ಡಾಕ್ಟರಮ್ಮ ಭಾಳ ಹೊತ್ತು ನೋಡಿದರು. ಎದೆಯ ಮೇಲೆ ತಂತಿ ಅಂಟಿಸಿ ಚೀಟಿ ತೆಗೆದರು, ಬೆರಳು ಚುಚ್ಚಿ ರಕ್ತ ತೆಗೆದರು, ತಿಂಗಳ ತೊಂದರೆ ಹೇಗಿದೆ ಅಂತ ಕೇಳಿದರು. ಅದು ಹತ್ತು ಹನ್ನೆರಡು ದಿನ ನಿಲ್ಲುವುದೇ ಇಲ್ಲ ಅಂತ ಅಕ್ಕನಾಗಮ್ಮ ಗೋಡೆ ನೋಡುತ್ತಾ ಹೇಳಿದಳು. ಒಂದೂವರೆ ತಾಸು ಬೆಂಚಿನ ಮೇಲೆ ಕೂತರು. ಅತ್ತೆ ಅವಳ ಕೈ ಬಿಡಲಿಲ್ಲ. ದೊಡ್ಡಬಸಪ್ಪ ಬಾಗಿಲಿಗೂ ಬೀದಿಗೂ ಎಡತಾಕುತ್ತಿದ್ದ.

"ನಿಮ್ಮ ಹೃದಯ ಚೆನ್ನಾಗಿದೆ," ಅಂದರು ಡಾಕ್ಟರಮ್ಮ. "ರಕ್ತ ತೀರಾ ಕಡಿಮೆ ಆಗಿದೆ, ಅಷ್ಟೇ. ತಿಂಗಳ ತೊಂದರೆಗೆ ಔಷಧಿ ಕೊಡ್ತೀನಿ, ರಕ್ತಕ್ಕೆ ಸೂಜಿ, ಮಾತ್ರೆ. ಮುಂಚೆನೇ ಬರಬೇಕಿತ್ತು."

ಅಕ್ಕನಾಗಮ್ಮನಿಗೆ ನಂಬಿಕೆ ಬರಲಿಲ್ಲ. "ಇನ್ನೊಮ್ಮೆ ಹೇಳ್ರಿ," ಅಂದಳು. ಅವರು ನಕ್ಕು ಇನ್ನೊಮ್ಮೆ ಹೇಳಿದರು. ಹೊರಗೆ ಬಂದ ಮೇಲೆ ಅವಳಿಗೆ ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಗಿ ಒಮ್ಮೆಲೇ ಹಸಿವಾಯಿತು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ಮೂವರೂ ತಿಂದರು. ದೊಡ್ಡಬಸಪ್ಪ ತನ್ನ ಪ್ಲೇಟಿನ ಮಿರ್ಚಿಯನ್ನು ಎತ್ತಿ ಹೆಂಡತಿಯ ಪ್ಲೇಟಿಗೆ ಇಟ್ಟ. "ನನಗ ಹೇಳಬಾರದಿತ್ತೇನ?" ಅಂದವನು ಖಾರ ಹತ್ತಿದವನ ಹಾಗೆ ಕಣ್ಣು ಒರೆಸಿಕೊಂಡ.

ಒಂದು ತಿಂಗಳು ಅವಳು ನಡೆಯಲಿಲ್ಲ. ಸೂಜಿ, ಮಾತ್ರೆ, ಖರ್ಜೂರ, ಬಟ್ಟಲುಗಟ್ಟಲೆ ಸೊಪ್ಪಿನ ಪಲ್ಯ. ಆಮೇಲೆ ಸಂಗಮ್ಮನ ಜೊತೆ ಸಂಜೆ ಹೊತ್ತು ತೂಬಿನ ತನಕ, ವಾರ ಕಳೆದ ಮೇಲೆ ಇನ್ನಷ್ಟು ದೂರ. ಬೆಳಗಿನ ನಡಿಗೆಗೆ ಅತ್ತೆಯೇ ಈಗ ಮುಂದಾಳು. ದೊಡ್ಡಬಸಪ್ಪ, "ಅವ್ವಾ, ಸ್ವಲ್ಪ ನಿಧಾನ," ಅನ್ನುವ ಸರದಿ ಬಂದಿತ್ತು. ಫೆಬ್ರವರಿಯಲ್ಲಿ ಮತ್ತೆ ರಕ್ತ ನೋಡಿದ ಡಾಕ್ಟರಮ್ಮ, ಪೂರ್ತಿ ಬೇಡ, ಕಮಲಾಪುರದಿಂದಾಚೆ ಬೇಕಾದರೆ ನಡೆಯಿರಿ ಅಂದರು.

ನಡಿಗೆಯ ದಿನ ನೂರಾರು ಮಂದಿ ಹೊರಟರು. ಅಕ್ಕನಾಗಮ್ಮ ನೀರಿನ ಹಂಡೆಗಳ ಜೊತೆ ಜೀಪಿನಲ್ಲಿ ಕಮಲಾಪುರಕ್ಕೆ ಬಂದು ಕೆರೆ ಏರಿಯ ಹತ್ತಿರ ಕಾಯುತ್ತಾ ನಿಂತಳು. ಹತ್ತೂವರೆಗೆ ಮೊದಲ ಗುಂಪಿನಲ್ಲೇ ಬಿಳಿ ಬೂಟಿನ ಅತ್ತೆ, ಆಕೆಯ ಜೊತೆ ಸಂಗಮ್ಮ ಕಂಡರು. ಅರ್ಧ ತಾಸಿನ ಮೇಲೆ ಕುಂಟುತ್ತಾ ಬಂದ ದೊಡ್ಡಬಸಪ್ಪ ಜೀಪು ಹತ್ತಿದ. ಎರಡೂ ಹಿಮ್ಮಡಿ ಬೊಬ್ಬೆ ಎದ್ದಿದ್ದವು.

"ಸಭಾದಾಗ ನಾಕು ಮಂದಿ ಅಂದಿದ್ರಿ," ಅಂದಳು ಅಕ್ಕನಾಗಮ್ಮ, ಇಳಿಯುತ್ತಾ.

"ನೀನೂ ನಾನೂ ಕೂಡಿದ್ರ ಒಬ್ಬರು ಪೂರಾ ನಡದಂಗ ಆತು. ಹೋಗು, ಹೋಗು."

ಅವಳು ನಡೆದಳು. ಬಾಳೆ ತೋಟಗಳ ನಡುವೆ, ಬಿಸಿಲಲ್ಲಿ, ಅತ್ತೆಗೆ ಸರಿಸಮ ಹೆಜ್ಜೆ ಹಾಕುತ್ತಾ. ಸುಸ್ತಾಯಿತು, ಕಾಲು ಉರಿದವು. ಆದರೆ ಅದು ಎಲ್ಲರಿಗೂ ಆಗುವ ಸುಸ್ತು. ಹೊಸಪೇಟೆಯ ಶಾಲೆಯ ಮೈದಾನ ಮುಟ್ಟಿದಾಗ ಯಾರೋ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಅವಳು ನೆರಳಲ್ಲಿ ಕಾಲು ಚಾಚಿ ಕೂತು ಎರಡು ಲೋಟ ಮಜ್ಜಿಗೆ ಕುಡಿದಳು.

ಸಂಜೆ ಲಾರಿಯಲ್ಲಿ ಊರಿಗೆ ಮರಳುವಾಗ ಗಂಡ, ಮಗಳು ಇಬ್ಬರೂ ಗೋಣಿಚೀಲಗಳಿಗೆ ಒರಗಿ ನಿದ್ದೆ ಹೋಗಿದ್ದರು. ಅತ್ತೆಯೂ ಮಲಗಿದಳೆಂದು ಅಕ್ಕನಾಗಮ್ಮ ತಿಳಿದಿದ್ದಳು. ವೆಂಕಟಾಪುರದ ಹತ್ತಿರ ಆಕೆ ಕಣ್ಣು ಬಿಡದೆಯೇ ಕೇಳಿದಳು:

"ಅಕ್ಕನಾಗಿ, ನಾಳಿಗೆ ಹಾಲು ಹೆಪ್ಪು ಹಾಕೀಯೇನು?"

"ಇಲ್ಲ ಅತ್ತಿ. ಮರತೆ."

"ಮರತ್ರ ಮರತಿ. ನಾಳೆ ಒಂದಿನ ಸಾರು ಅನ್ನ ಉಂಡ್ರ ಯಾರೂ ಸಾಯಂಗಿಲ್ಲ," ಅಂದು ಮರುಳಸಿದ್ದಮ್ಮ ಮಗ್ಗುಲು ಬದಲಿಸಿದಳು.